ಮಾರಿಕಣಿವೆಯ ಕೋಡಿ ಮತ್ತು ಸಂಜೆಯ ಮಂಡಕ್ಕಿ

ಸುಖವನ್ನು ಅದರ ಗಾತ್ರದಿಂದ ಅಳೆಯಬೇಕೋ, ಅದು ಮರಳಿ ಬರುವ ಅವಧಿಯಿಂದ ಅಳೆಯಬೇಕೋ ಎಂಬ ಪ್ರಶ್ನೆಯನ್ನು ಪರೀಕ್ಷಿಸಲು ಚಿತ್ರದುರ್ಗ ಜಿಲ್ಲೆಯಷ್ಟು ಅನುಕೂಲವಾದ ಕ್ಷೇತ್ರ ಬೇರೆಲ್ಲೂ ಸಿಗಲಾರದು. ಒಂದು ಇಡೀ ಆಯುಷ್ಯ ಕಾದರೂ ಬಾರದಿರಬಹುದಾದ ಸುಖವೂ ಇಲ್ಲಿದೆ, ದಿನವೂ ಹೊತ್ತಿಳಿಯುವ ವೇಳೆಗೆ ಎಣ್ಣೆಯ ಬಾಣಲೆಯಿಂದ ಎದ್ದು ಬರುವ ಸುಖವೂ ಇದೆ.

ಮೊದಲನೆಯದಕ್ಕೆ ವಾಣಿವಿಲಾಸ ಸಾಗರವೇ ಸಾಕ್ಷಿ. ಹಿರಿಯೂರಿನ ಬಳಿ ಎರಡು ಗುಡ್ಡಗಳ ನಡುವಿನ ಮಾರಿಕಣಿವೆಯಲ್ಲಿ ವೇದಾವತಿ ನದಿಗೆ ಅಡ್ಡವಾಗಿ ಕಟ್ಟಿ 1907ರಲ್ಲಿ ಪೂರ್ಣಗೊಳಿಸಿದ ಈ ಜಲಾಶಯವು 1933ರಲ್ಲಿ ಕೋಡಿ ಬಿದ್ದಿತು, ಎಂದರೆ 130 ಅಡಿ ತುಂಬಿ ಮಿಕ್ಕ ನೀರು ತಾನೇ ಹೊರಗೆ ಹರಿಯಿತು. ಆ ಬಳಿಕ ಅದು ಕೋಡಿ ಬಿದ್ದದ್ದು 2022ರ ಸೆಪ್ಟೆಂಬರಿನಲ್ಲಿ. ನಡುವಿನ 89 ವರ್ಷ ಕೋಡಿಯೆಂಬುದು ಅಜ್ಜಂದಿರ ಬಾಯಲ್ಲಿ ಮಾತ್ರ ಹರಿಯುತ್ತಿತ್ತು. ಬಂದ ಸುಖವಾದರೂ ನಿಷ್ಕಳಂಕವಾಗಿತ್ತೇ ಎಂದರೆ ಅದೂ ಅಲ್ಲ. ಹಿನ್ನೀರು ಹೊಸದುರ್ಗ ತಾಲ್ಲೂಕಿನ ತೋಟಗಳಿಗೆ ನುಗ್ಗಿದ್ದರಿಂದ ಒಬ್ಬರ ಕಣ್ಣಿಗೆ ಹಬ್ಬವಾದದ್ದೇ ಇನ್ನೊಬ್ಬರ ಮರದ ಬುಡದಲ್ಲಿ ಕೊಳೆಯುತ್ತ ನಿಂತಿತು. (2025ರ ಜನವರಿಯಲ್ಲಿ ಅದು ಮತ್ತೆ ಕೋಡಿ ಬಿದ್ದು, ಸುಖವನ್ನು ಅದು ಮರಳಿ ಬರುವ ಅವಧಿಯಿಂದಲೇ ಅಳೆಯಬೇಕೆಂಬ ಪ್ರಸ್ತುತ ಸಿದ್ಧಾಂತದ ಅಂಕಗಣಿತಕ್ಕೆ ಕೊಂಚ ಧಕ್ಕೆ ತಂದಿದೆ.)

ವರ್ಷಕ್ಕೊಮ್ಮೆ ಬರುವ ಸುಖಗಳು ಇದಕ್ಕಿಂತ ನಂಬಿಕಸ್ಥವಾದವು. ಹೊಳಲ್ಕೆರೆ ತಾಲ್ಲೂಕಿನ ಹೊರಕೆರೆದೇವರಪುರದಲ್ಲಿ, ಎಂದರೆ ಜನರ ಬಾಯಲ್ಲಿ ಎಚ್.ಡಿ.ಪುರವಾಗಿರುವ ಊರಿನಲ್ಲಿ, ಲಕ್ಷ್ಮೀನರಸಿಂಹಸ್ವಾಮಿಯ ತೇರು ಹೊರಡುವ ದಿನ ಅಂಥದ್ದು. ತೇರಿನ ಕಳಸಕ್ಕೆ ಗುರಿಯಿಟ್ಟು ಎಸೆದ ಬಾಳೆಹಣ್ಣು ಎದುರು ಬದಿಯಲ್ಲಿ ನಿಂತ ಅಪರಿಚಿತರ ನೆತ್ತಿಗೆ ಬೀಳುವುದು, ಬಿದ್ದದ್ದನ್ನು ಅವರು ಪ್ರಸಾದವೆಂದೇ ಸ್ವೀಕರಿಸುವುದು, ಇವೆಲ್ಲ ಭಕ್ತಿಗೂ ಆಟಕ್ಕೂ ನಡುವೆ ಗೆರೆ ಎಳೆಯಬಯಸುವ ವಿದ್ವಾಂಸರನ್ನು ಕಂಗೆಡಿಸತಕ್ಕ ಸಂಗತಿಗಳು. ಜಾತ್ರೆ ಮುಗಿದರೂ ಬೆಂಡು ಬತ್ತಾಸು, ಎಂದರೆ ಸಕ್ಕರೆಪಾಕದಿಂದ ಮಾಡಿದ ಜಾತ್ರೆಯ ಸಿಹಿ, ಡಬ್ಬಿಯಲ್ಲಿ ಇನ್ನೂ ಕೆಲವು ದಿನ ಉಳಿದಿರುತ್ತದೆ. ಮಕ್ಕಳ ಕೈಗೆ ಎಟುಕದ ಆ ಡಬ್ಬಿ ದೊಡ್ಡವರ ಕೈಗೆ ಏಕೆ ಅಷ್ಟು ಸಲ ಎಟುಕುತ್ತದೆ ಎಂಬುದು ಬೇರೆ ವಿಚಾರ.

ಆದರೆ ಸಿದ್ಧಾಂತದ ನಿಜವಾದ ಆಧಾರ ದಿನನಿತ್ಯದ ಮಂಡಕ್ಕಿ ಮೆಣಸಿನಕಾಯಿ. ಬೇಯಿಸಿ ಒಣಗಿಸಿದ ಭತ್ತದಿಂದ ತೆಗೆದ ಅಕ್ಕಿಯನ್ನು ಉಪ್ಪುನೀರು ಸೋಕಿಸಿ ಕಾದ ಮರಳಿನಲ್ಲಿ ಹುರಿದಾಗ ಒಳಗಿನ ತೇವ ಆವಿಯಾಗಿ ಕಾಳು ಉಬ್ಬಿಕೊಳ್ಳುತ್ತದೆ. ಹೀಗೆ ತೂಕ ಹೆಚ್ಚದೆ ಗಾತ್ರ ಮಾತ್ರ ಹೆಚ್ಚುವ ಪದಾರ್ಥವೇ ಮಂಡಕ್ಕಿ, ಈ ಗುಣವು ಕೆಲವು ಸಾರ್ವಜನಿಕ ಭಾಷಣಗಳಲ್ಲಿಯೂ ಕಾಣಸಿಗುತ್ತದೆ. ಇದಕ್ಕೆ ಎಣ್ಣೆ, ಖಾರದ ಪುಡಿ, ಹೆಚ್ಚಿದ ಈರುಳ್ಳಿ, ಕೊತ್ತಂಬರಿ ಮತ್ತು ಈ ಸೀಮೆಯವರು ಪುಟಾಣಿ ಎನ್ನುವ ಹುರಿಗಡಲೆಯ ಹಿಟ್ಟು ಬೆರೆಸಿ, ಪಕ್ಕದಲ್ಲಿ ಓಂಕಾಳು ಹಾಕಿದ ಕಡಲೆಹಿಟ್ಟಿನಲ್ಲಿ ಅದ್ದಿ ಕರಿದ ಮೆಣಸಿನಕಾಯಿಯನ್ನು ಇಟ್ಟುಕೊಟ್ಟರೆ ದಾವಣಗೆರೆಯಿಂದ ಹಿರಿಯೂರಿನವರೆಗೆ ಸಂಜೆಯಾಯಿತೆಂದು ಒಪ್ಪಲಾಗುತ್ತದೆ. ಯಾವ ಮೆಣಸಿನಕಾಯಿ ಸಪ್ಪೆ, ಯಾವುದು ಉರಿ ಎಂಬುದು ಹೊರನೋಟಕ್ಕೆ ತಿಳಿಯದಿರುವುದೇ ಇದರ ವಿಶೇಷ. ಕಣ್ಣಲ್ಲಿ ನೀರು ತುಂಬಿಕೊಂಡವರು ಮೂಗೊರೆಸುತ್ತ ಇನ್ನೊಂದು ಪ್ಲೇಟ್ ಹೇಳುವುದನ್ನು ಕಂಡು ಪರಸ್ಥಳದವರು ಬೆರಗಾಗುವುದುಂಟು. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಎಂಬ ಖಾರದ ಅಂಶವು ನರಗಳಲ್ಲಿ ಬಿಸಿಯನ್ನು ಗುರುತಿಸುವ ಗ್ರಾಹಕವನ್ನೇ ಕೆರಳಿಸುವುದರಿಂದ ಬಾಯಿ ಸುಡದಿದ್ದರೂ ಸುಟ್ಟಂತಾಗುತ್ತದೆ ಎಂಬುದನ್ನು ಕಂಡುಹಿಡಿದ ಡೇವಿಡ್ ಜೂಲಿಯಸ್ ಅವರು 2021ರಲ್ಲಿ ವೈದ್ಯಕೀಯ ನೊಬೆಲ್ ಹಂಚಿಕೊಂಡರು. ಅದೇ ಪ್ರಯೋಗವನ್ನು ತಮ್ಮ ನಾಲಗೆಯ ಮೇಲೆ ದಿನವೂ ನಡೆಸುವ ಈ ಭಾಗದ ಜನಕ್ಕೆ ಹಂಚಿಕೊಳ್ಳಲು ಸಿಗುವುದು ಅರ್ಧ ಲೋಟ ಚಹಾ.

ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ ಡೀನರ್ ಮತ್ತು ಅವರ ಸಂಗಡಿಗರು 1991ರಲ್ಲಿ ಪ್ರಕಟಿಸಿದ ಬರಹದಲ್ಲಿ, ಸಂತೋಷವೆಂಬುದು ಸುಖಾನುಭವದ ತೀವ್ರತೆಗಿಂತ ಅದು ಎಷ್ಟು ಸಲ ಉಂಟಾಗುತ್ತದೆ ಎಂಬುದನ್ನು ಹೆಚ್ಚಾಗಿ ಅವಲಂಬಿಸಿದೆ ಎಂದು ವಾದಿಸಿದರು. ಮಳೆ ಕೈಕೊಡುವುದೇ ರೂಢಿಯಾಗಿರುವ ಸೀಮೆಯಲ್ಲಿ ಇದನ್ನು ಯಾರೂ ಬರೆದಿಡುವ ಗೋಜಿಗೆ ಹೋಗಲಿಲ್ಲ, ಬಹುಶಃ ಎರಡೂ ಕೈ ಎಣ್ಣೆಯಾಗಿದ್ದ ಕಾರಣದಿಂದ. ಈ ಭೋಜನದ ಇನ್ನೊಂದು ಅಂಗವಾದ ಹಳೆಯ ಪತ್ರಿಕೆಯ ಹಾಳೆಗೆ ಆಹಾರ ಸುರಕ್ಷತೆಯ ಅಧಿಕಾರಿಗಳ ಆಕ್ಷೇಪವಿದೆ. ಮುದ್ರಣದ ಶಾಯಿ ತಿಂಡಿಗೆ ಅಂಟುತ್ತದೆ ಎಂಬ ಅವರ ಮಾತು ನ್ಯಾಯವಾದದ್ದೇ. ಆದರೂ ಅನೇಕ ಕಡೆ ಪೊಟ್ಟಣ ಇನ್ನೂ ಪತ್ರಿಕೆಯದೇ ಆಗಿರುವುದರಿಂದ, ಮಂಡಕ್ಕಿ ಮುಗಿದ ಮೇಲೆ ಅದನ್ನು ಬಿಡಿಸಿ ಹಳೆಯ ಕೊಲೆಯೊಂದರ ವರದಿಯನ್ನು ಓದತೊಡಗಿದವರು, ಪೊಲೀಸರು ಹಿಡಿದದ್ದು ಯಾರನ್ನು ಎಂಬಲ್ಲಿಗೆ ಹಾಳೆ ಹರಿದಿರಲು, ಉಳಿದರ್ಧಕ್ಕಾಗಿ ಪಕ್ಕದ ಬೆಂಚಿನವರ ಪೊಟ್ಟಣದ ಕಡೆಗೆ ಕತ್ತು ಚಾಚುತ್ತಾರೆ. ಅವರಾದರೋ ಇನ್ನೂ ತಿನ್ನುತ್ತಿರುತ್ತಾರೆ.