ಕೋಶ-ಕಂಠಪಾಠ ಮೀಮಾಂಸೆ: ಒಂದು ಬಹುಶಿಸ್ತೀಯ ಅನುಸಂಧಾನ

1. ಪ್ರಸ್ತಾವನೆ

ಪ್ರಸ್ತುತ ಸಂಪ್ರಬಂಧವು ಪದವಿಪೂರ್ವ ಜೀವಶಾಸ್ತ್ರದ ಪುನರಾವರ್ತನೆಯನ್ನು ಅದರ ಜ್ಞಾನಮೀಮಾಂಸಾತ್ಮಕ, ನೀತಿಮೀಮಾಂಸಾತ್ಮಕ ಹಾಗೂ ನಿದ್ರಾಮೀಮಾಂಸಾತ್ಮಕ ನೆಲೆಗಳಲ್ಲಿ ಮುಖಾಮುಖಿಯಾಗುವ ಒಂದು ವಿನಮ್ರ ಯತ್ನ. ಅಧ್ಯಯನದ ಕ್ಷೇತ್ರ: ಉಡುಪಿಯ ಬಾಡಿಗೆ ಮನೆಯೊಂದರ ಊಟದ ಮೇಜು. ಅವಧಿ: ರಾತ್ರಿ ಒಂಬತ್ತರಿಂದ ಒಂದೂವರೆ. ಮಾದರಿಯ ಗಾತ್ರ: ಒಬ್ಬಳು ಮಗಳು, ದ್ವಿತೀಯ ಪಿಯು. ಸಂದರ್ಭ: ಸಿಇಟಿ ನೆಪದಲ್ಲಿ ಮೊದಲ ವರ್ಷದ ಜೀವಕೋಶವನ್ನೂ ಎರಡನೇ ವರ್ಷದ ಜೈವಿಕ ತಂತ್ರಜ್ಞಾನದ ನೈತಿಕ ವಿಚಾರಗಳನ್ನೂ ಒಟ್ಟಿಗೆ ಕಲಸಿ ಬಡಿಸಿದ ಒಂದು ಆಂತರಿಕ ಪರೀಕ್ಷೆ. ಸಂಶೋಧಕ: ಮಗಳ ಅಪ್ಪ, ಜೀವಶಾಸ್ತ್ರವನ್ನು ಹತ್ತನೇ ತರಗತಿಯಲ್ಲೇ ತ್ಯಜಿಸಿದವ. ಹೀಗಾಗಿ 'ಅಧ್ಯಯನದ ಪರಿಮಿತಿಗಳು' ಎಂಬ ಅಧ್ಯಾಯವನ್ನು ಬೇರೆಯಾಗಿ ಬರೆದಿಲ್ಲ.

2. ಪೂರ್ವಸೂರಿಗಳ ಸಮೀಕ್ಷೆ

1665ರಲ್ಲಿ ರಾಬರ್ಟ್ ಹುಕ್ ಬೆಂಡಿನ ತೆಳು ಚೂರೊಂದನ್ನು ಸೂಕ್ಷ್ಮದರ್ಶಕದಡಿ ಇಟ್ಟು ನೋಡಿ, ಕಂಡ ಪುಟ್ಟ ಪುಟ್ಟ ಕೋಣೆಗಳಿಗೆ 'ಸೆಲ್' ಎಂದು ಹೆಸರಿಟ್ಟ. ಒಳಗಿದ್ದ ಜೀವ ಎಂದೋ ಹೋಗಿತ್ತು. ಆತ ಕಂಡದ್ದು ಬರೀ ಗೋಡೆ. ನಮ್ಮ ಪರೀಕ್ಷಾ ಪದ್ಧತಿ ಈ ಮೂಲಪುರುಷನಿಗೆ ಇಂದಿಗೂ ನಿಷ್ಠವಾಗಿದೆ. ಮುಂದೆ 1838ರಲ್ಲಿ ಶ್ಲೀಡನ್ ಸಸ್ಯಗಳ ಬಗ್ಗೆ, 1839ರಲ್ಲಿ ಶ್ವಾನ್ ಪ್ರಾಣಿಗಳ ಬಗ್ಗೆ ಹೇಳಿದ್ದು ಸೇರಿ ಕೋಶ ಸಿದ್ಧಾಂತವಾಯಿತು. 1855ರಲ್ಲಿ ವಿರ್ಶೋ ಎಂಬಾತ, ಇರುವ ಕೋಶದಿಂದಲೇ ಹೊಸ ಕೋಶ ಹುಟ್ಟುತ್ತದೆ ಎಂದು ಸಾರಿದ. ಗೈಡಿನಿಂದಲೇ ಗೈಡು ಹುಟ್ಟುತ್ತದೆ ಎಂಬುದು ಇದರ ಉಪಪ್ರಮೇಯ. ಮೂರು ಪ್ರಕಾಶಕರ ಗೈಡುಗಳಲ್ಲಿ ಒಂದೇ ಅಚ್ಚಿನ ತಪ್ಪು ಒಂದೇ ಸಾಲಿನಲ್ಲಿ ಸಿಕ್ಕಿದ್ದು ಇದಕ್ಕೆ ಪುರಾವೆ.

3. ಪುನರಾವರ್ತನೆಯ ಪಂಚವಿಧ ವರ್ಗೀಕರಣ

3.1 ವರ್ಣಲೇಪನಾತ್ಮಕ: ಮುಖ್ಯವಾದ ಸಾಲಿಗೆ ಹಳದಿ ಬಳಿಯುವುದು. ಹನ್ನೊಂದು ಗಂಟೆಯ ಹೊತ್ತಿಗೆ ಬಿಳಿ ಉಳಿದ ಸಾಲೇ ಮುಖ್ಯವಾಗಿ ಕಾಣತೊಡಗುತ್ತದೆ.

3.2 ಪ್ರದಕ್ಷಿಣಾತ್ಮಕ: ಪುಸ್ತಕ ಎದೆಗವಚಿಕೊಂಡು ಮೇಜಿಗೆ ಸುತ್ತು ಬರುವುದು. ಗಾಲ್ಗಿ ಸಂಕೀರ್ಣಕ್ಕೆ ಏಳು ಸುತ್ತು, ಲೈಸೋಸೋಮಿಗೆ ಮೂರು.

3.3 ಶಿರಃಕಂಪನಾತ್ಮಕ: ಕಣ್ಣು ಮುಚ್ಚಿ ತಲೆ ಆಡಿಸುವುದು. ಇದನ್ನು ನಿದ್ದೆಯಿಂದ ಬೇರ್ಪಡಿಸುವ ವಿಧಾನ ಇನ್ನೂ ಸಿದ್ಧಿಸಿಲ್ಲ.

ನಾಲ್ಕನೆಯದೂ ಐದನೆಯದೂ ಇದ್ದವು. ಅವನ್ನು ಬರೆದಿಟ್ಟ ಹಾಳೆಯ ಹಿಂದೆ ಮಗಳು ರೈಬೋಸೋಮ್ ಬರೆದು ಕಾಲೇಜಿಗೆ ಒಯ್ದಳು. ಹೋಗಲಿ, ಐದೂ ಒಂದೇ.

4. ಕ್ಷೇತ್ರಕಾರ್ಯ

ಮಗಳು ಮೈಟೊಕಾಂಡ್ರಿಯದ ಚಿತ್ರ ಬರೆಯುತ್ತಿದ್ದಳು. ಹೊರಪೊರೆಗೆ ಒಂದೇ ಗೆರೆ; ಒಳಪೊರೆಗೆ ಅಂಕುಡೊಂಕಾದ ಮಡಿಕೆಗಳು. ಭಾಗಗಳ ಹೆಸರೆಲ್ಲ ಬಲಗಡೆ, ಸ್ಕೇಲಿಟ್ಟು ಎಳೆದ ಗೆರೆಗಳ ತುದಿಯಲ್ಲಿ, ಬಸ್ಸಿಗೆ ನಿಂತವರ ಸಾಲಿನ ಹಾಗೆ.

"ಒಳಗಿನದು ಯಾಕೆ ಮಡಿಕೆ ಮಡಿಕೆ?" ಎಂದೆ.

"ಅದು ಕೇಳುದಿಲ್ಲ ಅಪ್ಪಾ. ಭಾಗ ಗುರುತಿಸಿ ಅಂತ ಮಾತ್ರ."

ಈ ಉತ್ತರವು ಪ್ರಸ್ತುತ ಅಧ್ಯಯನದ ಕೇಂದ್ರ ಪರಿಕಲ್ಪನೆಯನ್ನು ಒದಗಿಸಿತು. ಜೀವಕೋಶಕ್ಕೆ ಬೇಕಾದ್ದನ್ನಷ್ಟೇ ಒಳಬಿಡುವ ಪೊರೆ ಇರುವಂತೆ, ವಿದ್ಯಾರ್ಥಿಯ ತಲೆಗೂ ಒಂದು ಪೊರೆ ಇರುತ್ತದೆ. ಇದನ್ನು ನಾವು 'ಅಂಕಪಾರಕ ಪೊರೆ' ಎಂದು ಕರೆಯೋಣ. ಅಂಕವಿರುವುದು ಒಳಗೆ, ಇಲ್ಲದ್ದು ಹೊರಗೆ.

ಹೊರಗೇ ಉಳಿದದ್ದನ್ನು ನಾನು ಮೊಬೈಲಿನಲ್ಲಿ ಹುಡುಕಿ ಓದಿದೆ. ಅಷ್ಟು ಪುಟ್ಟ ಜಾಗದಲ್ಲಿ ಪೊರೆಯ ಹರವು ಹೆಚ್ಚಲಿ, ಹೆಚ್ಚು ಶಕ್ತಿ ಹುಟ್ಟಲಿ ಎಂದು ಆ ಮಡಿಕೆ. ಮೈಟೊಕಾಂಡ್ರಿಯಕ್ಕೆ ತನ್ನದೇ ಡಿಎನ್ಎ ಉಂಟು. ಬಹಳ ಹಿಂದೆ ಅದು ಸ್ವತಂತ್ರ ಬ್ಯಾಕ್ಟೀರಿಯವಾಗಿದ್ದು, ಇನ್ನೊಂದು ಕೋಶದೊಳಗೆ ಬಾಡಿಗೆಗೆ ಬಂದದ್ದು ಅಲ್ಲೇ ಒಕ್ಕಲಾಯಿತಂತೆ. ಮಕ್ಕಳಿಗೆ ಅದು ಬರುವುದು ತಾಯಿಯಿಂದ. ಮಗಳ ಮೈಯ ಅಷ್ಟೂ ಮೈಟೊಕಾಂಡ್ರಿಯಗಳಲ್ಲಿ ನನ್ನದು ಒಂದೂ ಇಲ್ಲವೆಂದು ತಿಳಿದು ಸಂಶೋಧಕನು ತುಸು ಮ್ಲಾನನಾದನು. "ಎಂಥಾ ಕಥೆ ನೋಡು" ಎಂದರೆ, "ನಾಳೆ ಹೇಳಿ" ಎಂದಳು.

5. ನೀತಿ (ಎರಡು ಅಂಕ)

ಜೀವನೀತಿಗೆ ನಿಗದಿಯಾಗಿದ್ದು ಎರಡು ಅಂಕ. ಗೈಡಿನ ಪ್ರಕಾರ ಜೈವಿಕ ಚೌರ್ಯದ ವ್ಯಾಖ್ಯೆಗೆ ಒಂದು, ಉದಾಹರಣೆಗೆ ಒಂದು. ವ್ಯಾಖ್ಯೆಯಲ್ಲಿ 'ಪರಿಹಾರ ಕೊಡದೆ' ಎಂಬ ಮಾತು ಬಿಟ್ಟರೆ ಅರ್ಧ ಹೋಯಿತು. ಉದಾಹರಣೆಗೆ 1997ರ ಬಾಸ್ಮತಿ ಪೇಟೆಂಟ್ ಬರೆದರಾಯಿತು. ಕಳ್ಳತನಕ್ಕೆ ಹೀಗೆ ದರಪಟ್ಟಿ ಇರುವುದು ಮೌಲ್ಯಮಾಪನಕ್ಕೆ ಬಹಳ ಅನುಕೂಲ.

ನನಗೆ ಗೊತ್ತಿದ್ದ ಜೀವನೀತಿಯ ಕಥೆ ಒಂದೇ ಒಂದು. ಅದನ್ನು ಹೇಳಿದೆ. 1951ರಲ್ಲಿ ಅಮೆರಿಕದ ಬಾಲ್ಟಿಮೋರಿನಲ್ಲಿ ಹೆನ್ರಿಯೆಟಾ ಲ್ಯಾಕ್ಸ್ ಎಂಬ ಕಪ್ಪು ಹೆಂಗಸು, ಐದು ಮಕ್ಕಳ ತಾಯಿ, ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಗೆ ಹೋದಳು. ಗರ್ಭಕೊರಳಿನ ಕ್ಯಾನ್ಸರ್. ಆ ಗಡ್ಡೆಯಿಂದ ತೆಗೆದ ಕೋಶಗಳು ಪ್ರಯೋಗಾಲಯದಲ್ಲಿ ಸಾಯದೆ ಬೆಳೆಯುತ್ತಲೇ ಹೋದವು. ಪೋಲಿಯೊ ಲಸಿಕೆಯ ಪರೀಕ್ಷೆಗೆ ನೆರವಾದದ್ದು ಅವೇ. ಜಗತ್ತಿನ ಪ್ರಯೋಗಾಲಯಗಳು ಅವನ್ನು ಇಂದಿಗೂ 'ಹೀಲಾ' ಎನ್ನುತ್ತವೆ. ಆಕೆ ಅದೇ ವರ್ಷದ ಅಕ್ಟೋಬರಿನಲ್ಲಿ, ಮೂವತ್ತೊಂದರ ಪ್ರಾಯದಲ್ಲಿ ತೀರಿಕೊಂಡಳು. ಮನೆಯವರಿಗೆ ಇದೆಲ್ಲ ತಿಳಿಯಲು ಇಪ್ಪತ್ತು ವರ್ಷಕ್ಕೂ ಹೆಚ್ಚು ಹಿಡಿಯಿತು.

ಮಗಳು ಪೆನ್ಸಿಲ್ ಕೆಳಗಿಟ್ಟಳು. "ಅವರನ್ನು ಕೇಳ್ಲೇ ಇಲ್ವಾ?"

"ಇಲ್ಲ."

"ನಮ್ಮ ಗುಳ್ಳದ ಹಾಗೆಯೇ?"

ಅಡುಗೆಮನೆಯ ಬುಟ್ಟಿಯಲ್ಲಿ ಮರುದಿನದ ಹುಳಿಗೆಂದು ನಾಲ್ಕು ಮಟ್ಟುಗುಳ್ಳ ಇದ್ದವು. ದುಂಡಗೆ, ಎಳೆಹಸಿರು, ತೊಟ್ಟಿನಲ್ಲಿ ಕೈ ಚುಚ್ಚುವ ಮುಳ್ಳು. ವಾದಿರಾಜರು ಕೊಟ್ಟ ಬೀಜವೆಂದು ಮಟ್ಟಿನವರು ನಂಬಿ ತಲೆತಲಾಂತರದಿಂದ ಬೆಳೆದುಕೊಂಡು ಬಂದ ಬದನೆ. ಬಿಟಿ ಬದನೆ ಮಾಡಲು ಕಾನೂನಿನ ಅನುಮತಿ ಪಡೆಯದೆ ಈ ಗುಳ್ಳವನ್ನೂ ಇತರ ಸ್ಥಳೀಯ ತಳಿಗಳನ್ನೂ ಬಳಸಿದರೆಂಬ ದೂರು 2010ರಲ್ಲಿ ರಾಜ್ಯದ ಜೀವವೈವಿಧ್ಯ ಮಂಡಳಿಗೆ ಹೋಗಿತ್ತು. ಅದನ್ನು ಮಗಳಿಗೆ ಹೇಳಿದ್ದು ಅವಳ ಅಜ್ಜಿ, ಗುಳ್ಳದ ತೊಟ್ಟು ಮುರಿಯುತ್ತಾ.

6. ಫಲಿತಗಳು ಮತ್ತು ಚರ್ಚೆ

ಪರೀಕ್ಷೆಯಲ್ಲಿ ಮಗಳು ಬರೆದದ್ದರ ಸಾರ ಇಷ್ಟು: ಜೈವಿಕ ಚೌರ್ಯವೆಂದರೆ ಒಬ್ಬರ ಬಳಿ ಇರುವುದನ್ನು ಅವರನ್ನು ಕೇಳದೆ ತೆಗೆದುಕೊಂಡು ಲಾಭ ಮಾಡಿಕೊಳ್ಳುವುದು. ಉದಾಹರಣೆ: ನಮ್ಮೂರಿನ ಗುಳ್ಳದ ಬಗ್ಗೆ ಇಂಥದೇ ದೂರಿತ್ತು. ಬಂದದ್ದು ಅರ್ಧ ಅಂಕ. ಗುಳ್ಳದ ಸುತ್ತ ಕೆಂಪು ವೃತ್ತ. ಪಕ್ಕದಲ್ಲಿ, ಪುಸ್ತಕದ ಉದಾಹರಣೆ ಬರೆಯಬೇಕೆಂಬ ಸೂಚನೆ.

ಕೇಳಲು ಹೋದೆ. ಚಿಕ್ಕ ಪ್ರಾಯದ ಉಪನ್ಯಾಸಕ, ಒಳ್ಳೆಯ ಮನುಷ್ಯ. ಕುರ್ಚಿ ಎಳೆದು ಕೊಟ್ಟ. "ಉತ್ತರ ಸರಿಯೇ ಉಂಟು ಸರ್. ಎಂತ ಮಾಡುದು, ಸ್ಕೀಮಿನಲ್ಲಿ ಇಲ್ಲ. ಬೋರ್ಡ್ ಪರೀಕ್ಷೆಯಲ್ಲಿ ಹೀಗೆ ಬರೆದ್ರೆ ನಷ್ಟ ಅವಳಿಗೇ."

ಈ ಹಿನ್ನೆಲೆಯಲ್ಲಿ ಸದರಿ ವಿದ್ಯಮಾನದ ಬಹುಮುಖಿ ಆಯಾಮಗಳನ್ನು... ಇಲ್ಲ, ಇನ್ನು ಆ ಭಾಷೆ ನನ್ನಿಂದಾಗದು. ಆ ಪಾಠದಲ್ಲಿ ಇರುವುದಾದರೂ ಏನು? ಮೈ ಮುಟ್ಟುವ ಮೊದಲು ಕೇಳು, ಬೀಜ ಒಯ್ಯುವ ಮೊದಲು ಕೇಳು. ಆ ಒಂದು ಮಾತನ್ನು ಹುಡುಗಿ ತನ್ನ ಮನೆಯ ಬುಟ್ಟಿಯಲ್ಲೇ ಕಂಡು, ತನ್ನ ಮಾತಿನಲ್ಲೇ ಹೇಳಿದಳು. ಅದಕ್ಕೆ ಒಂದೂವರೆ ಅಂಕ ದಂಡ! ಕೇಳಬೇಕು ಎಂದು ಕಲಿಸುವ ಪಾಠದಲ್ಲೇ ಕೇಳಬೇಡ ಎಂದು ಕಲಿಸುತ್ತೇವಲ್ಲ, ನಮಗೆ ನಾಚಿಕೆಯೆಂಬುದು ಉಂಟೇ?

7. ಉಪಸಂಹಾರ

ಮಗಳು ಈಗ ವ್ಯಾಖ್ಯೆಯನ್ನು ಬಾಯಿಪಾಠ ಮಾಡಿದ್ದಾಳೆ. 'ಪರಿಹಾರ ಕೊಡದೆ' ಬಿಡುವುದಿಲ್ಲ, ಬಾಸ್ಮತಿ ಮರೆಯುವುದಿಲ್ಲ. ಎರಡಕ್ಕೆ ಎರಡು ಖಂಡಿತ. ಮೊನ್ನೆ ರಾತ್ರಿ ಅವಳು ಪುಸ್ತಕ ಮಡಿಸುವಾಗ ನಾನೇ ಕೇಳಿದೆ: "ಮಡಿಕೆಯದ್ದು ಹೇಳ್ತೇನೆ ಅಂದಿದ್ದೆ. ಬೇರೆ ಎಂತಾದ್ರೂ ಕೇಳುದುಂಟಾ ಮಗಾ?"

"ಎಂತದೂ ಇಲ್ಲ ಅಪ್ಪಾ" ಎಂದು ಲೈಟ್ ಆರಿಸಿದಳು.