ಗೌರವ ಕಾರ್ಯದರ್ಶಿಗಳು

ಕೃಷ್ಣೆ-ಘಟಪ್ರಭೆಯರ ನಡುವಣ ನಮ್ಮ ಸೀಮೆಯಲ್ಲಿ ಯಾವ ಊರಿಗೆ ಹೋದರೂ ಒಬ್ಬ ಗೌರವ ಕಾರ್ಯದರ್ಶಿಯು ಕಾಣಸಿಗದೆ ಇರನು. ಆತನಿಗೆ ವೇತನವಿಲ್ಲ, ವಿಶ್ರಾಂತಿಯಿಲ್ಲ, ಅನೇಕ ವೇಳೆ ಸಂಸ್ಥೆಯೂ ಇರುವುದಿಲ್ಲ. ಆದರೆ ಪಾವತಿ ಪುಸ್ತಕ, ಶಿಕ್ಕಾ, ಠರಾವಿನ ವಹಿ, ಈ ಮೂರು ಆತನ ಕೈಚೀಲವನ್ನು ಎಂದೂ ಅಗಲಿದ್ದಿಲ್ಲ. ಈ ಕುಲಕ್ಕೆ ಭೂಷಣಪ್ರಾಯರಾದ ಜಮಖಂಡಿಯ ನಮ್ಮ ಕಾಕಾ ಅವರು ವಾಚನಾಲಯ, ಗರಡಿಮನೆ, ಭಜನಾ ಮಂಡಳಿಗಳನ್ನು ಕ್ರಮವಾಗಿ ಉದ್ಧರಿಸಿ, ಭೂಮಿಯ ಮೇಲೆ ಉದ್ಧಾರಕ್ಕೆ ಯೋಗ್ಯವಾದುದು ಇನ್ನೇನೂ ಉಳಿಯದಿರಲು, ಈಗ ಆಕಾಶಕ್ಕೆ ಕೈಹಾಕಿರುತ್ತಾರೆ.

ಸೋದರಳಿಯನ ಮದುವೆಗೆಂದು ಬೆಂಗಳೂರಿಗೆ ಹೋದವರು ಅಕ್ಷತೆ ಬಿದ್ದ ಮರುಗಳಿಗೆಯೇ, 2001ರಲ್ಲಿ ಸ್ಥಾಪಿತವಾದ ಎಚ್‌ಎಎಲ್ ಸಂಗ್ರಹಾಲಯವನ್ನು ಹೊಕ್ಕರಂತೆ. ಜರ್ಮನಿಯ ಕುರ್ಟ್ ಟ್ಯಾಂಕ್ ಅವರ ನೇತೃತ್ವದಲ್ಲಿ ರೂಪುಗೊಂಡು 1961ರಲ್ಲಿ ಮೊದಲ ಬಾರಿಗೆ ಹಾರಿದ ಮಾರುತ್ ಯುದ್ಧವಿಮಾನವನ್ನು, ಮುಧೋಳದ ಸಂತೆಯಲ್ಲಿ ಎತ್ತು ಕೊಳ್ಳುವವನು ಸುತ್ತುವಂತೆ ಸುತ್ತಿ, ಎಲ್ಲಿ ಮುಟ್ಟಬಾರದೆಂದು ಬರೆದಿದೆಯೋ ಅಲ್ಲೆಲ್ಲ ಮುಟ್ಟಿ, ಕಾವಲುಗಾರನ ಕೋಪಕ್ಕೂ ಪಾತ್ರರಾಗಿ ಮರಳಿದರು.

"ಮಾಸ್ತರ, ಅವು ಸತ್ತಿಲ್ರೀ, ಸುಮ್ನ ನಿಂತಾವ. ಎಣ್ಣಿ ಹಾಕವ್ರು ಇಲ್ಲ, ಅಷ್ಟ!"

ಇಷ್ಟು ಹೇಳಿ ಕಣ್ಣೊರೆಸಿಕೊಂಡರು. ಕೆಟ್ಟ ಗಡಿಯಾರವನ್ನು ಕಂಡರೂ ಕಣ್ಣೊರೆಸಿಕೊಳ್ಳುವ ಸ್ವಭಾವ ಅವರದು.

ಅಂದಿನಿಂದ ಹಳೆಯ ವಿಮಾನಗಳನ್ನು ದುರಸ್ತಿಮಾಡುವ, ಲಾಭದ ಆಸೆಯಿಲ್ಲದ ಒಂದು ಸಂಗ್ರಹಾಲಯವು ನಮ್ಮ ಸೀಮೆಯಲ್ಲಿ ಕಾಗದದ ಮೇಲೆ ಉದಯಿಸಿತು. ಲಾಭದ ಆಸೆಯಿಲ್ಲವೆಂಬ ಮಾತನ್ನು ಯಾರೂ ಶಂಕಿಸಲಿಲ್ಲ. ವಿಮಾನವೆಲ್ಲಿ ಎಂದು ಕೇಳಿದವರಿಗೆ ಮಾತ್ರ ಕಾಕಾ ಅವರು ಕಾನ್ಪುರದ ಕಥೆಯನ್ನು ಹೇಳುವರು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಲಿಬರೇಟರ್ ಎಂಬ ನಾಲ್ಕು ಎಂಜಿನ್ನುಗಳ ಬಾಂಬರುಗಳನ್ನು ಮತ್ತಾರೂ ಹಾರಿಸಬಾರದೆಂದು ಬೇಕೆಂದೇ ಜಖಂಗೊಳಿಸಿ ಅಲ್ಲಿ ಬಿಸುಟುಹೋಗಿದ್ದುದನ್ನೂ, ಎಚ್‌ಎಎಲ್‌ನವರು ಆ ಹಾಳುಮೂಳುಗಳಿಗೆ ತೇಪೆ ಹಾಕಿ, ಬೆಂಗಳೂರಿಗೆ ಹಾರಿಸಿ ತಂದು, ನಲವತ್ತರಷ್ಟನ್ನು ಪುನಃ ಸಜ್ಜುಗೊಳಿಸಿದುದನ್ನೂ, ಅವು ನಮ್ಮ ವಾಯುಪಡೆಯಲ್ಲಿ 1968ರವರೆಗೂ ದುಡಿದುದನ್ನೂ, ಅವುಗಳಲ್ಲೊಂದು ಅಮೆರಿಕದ ಕಾಲಿಂಗ್ಸ್ ಫೌಂಡೇಶನ್ ಎಂಬ ಧರ್ಮಾರ್ಥ ಸಂಸ್ಥೆಯ ಕೈಸೇರಿ 1989ರಲ್ಲಿ ಮತ್ತೆ ಗಗನವೇರಿದುದನ್ನೂ ಅವರು ವರ್ಣಿಸುವಾಗ, ಕೇಳುವವನ ಕೈ ತಾನಾಗಿಯೇ ಜೇಬಿಗೆ ಹೋಗುತ್ತದೆ. ಕಥೆ ಅಕ್ಷರಶಃ ನಿಜವಾದುದರಿಂದ ಅಪಾಯವೂ ಹೆಚ್ಚು. ಅಷ್ಟಕ್ಕೂ ಬಗ್ಗದವನಿಗೆ ಶ್ರಮಬಿಂದು ಸಾಗರವೆಂಬ ಬ್ಯಾರೇಜಿನ ಅಸ್ತ್ರವಿದೆ: "1989ರಾಗ ನಮ್ಮ ರೈತರು ಚಿಕ್ಕಪಡಸಲಗಿಯೊಳಗ ಪಟ್ಟಿ ಹಾಕಿ ಕೃಷ್ಣಾ ಹೊಳಿಗೇ ಬ್ಯಾರೇಜ್ ಕಟ್ಟಿದ್ರು. ಹೊಳಿ ನಿಂದರಿಸಿದವ್ರಿಗೆ ಒಂದು ಇಮಾನ ಎಬ್ಬಸೂದು ಆಗೂದಿಲ್ಲೇನ್ರಿ?" ಇದಕ್ಕೆ ಪ್ರತ್ಯುತ್ತರ ಕೊಟ್ಟವರನ್ನು ನಾನು ಕಂಡಿಲ್ಲ, ಪಾವತಿ ಪಡೆದವರನ್ನು ಬಹಳ ಕಂಡಿದ್ದೇನೆ, ಅವರಲ್ಲಿ ನಾನೂ ಒಬ್ಬ.

ಅವರ ಕಣ್ಣು ನೆಟ್ಟಿರುವುದು 1958ರಲ್ಲಿ ಮೊದಲು ಹಾರಿದ ಪುಷ್ಪಕ್ ವಿಮಾನದ ಮೇಲೆ. ಎರಡೇ ಆಸನಗಳ ಬಡಪಾಯಿ ವಿಮಾನವದು. ಫ್ಲೈಯಿಂಗ್ ಕ್ಲಬ್ಬುಗಳಲ್ಲಿ ಹುಡುಗರಿಗೆ ಹಾರಲು ಕಲಿಸುತ್ತ ಸವೆದದ್ದು. ಉಕ್ಕಿನ ಕೊಳವೆಗಳ ಮೈಗೆ ಬಟ್ಟೆಯ ಹೊದಿಕೆ. ಸಂಗ್ರಹಾಲಯದ ವಿಶ್ವಸ್ಥರ ಸಭೆಯಲ್ಲಿ ಬಟ್ಟೆಯೆಂಬ ಮಾತು ಕಿವಿಗೆ ಬಿದ್ದದ್ದೇ ತಡ, ಬನಹಟ್ಟಿಯ ವಿಶ್ವಸ್ಥರು, ಮಗ್ಗದ ಮಾಲಕರು, ಎದ್ದು ನಿಂತು, ಎಷ್ಟು ಪನ್ನೆ ಬೇಕು, ದಡಿ ಯಾವ ಬಣ್ಣದ್ದಿರಲಿ ಎಂದು ವಿಚಾರಿಸಿದರು. ಹೊದಿಸಿದ ಬಟ್ಟೆಗೆ ಡೋಪ್ ಎಂಬ ಲೇಪವನ್ನು ಬಳಿದರೆ ಅದು ಒಣಗುತ್ತ ಬಿಗಿದುಕೊಳ್ಳುವುದೆಂದೂ, ದಡಿಯ ಅವಶ್ಯಕತೆಯಿಲ್ಲವೆಂದೂ ಕಾಕಾ ಅವರು ತಿಳಿಯಹೇಳಿದರು. ದಡಿಯಿಲ್ಲದ ಬಟ್ಟೆಯನ್ನು ಉಟ್ಟು ನಾಲ್ಕು ಮಂದಿಯ ಮೇಲೆ ಹಾರುವುದು ಶೋಭಿಸದೆಂದು ಬನಹಟ್ಟಿಯವರು ಭಿನ್ನಾಭಿಪ್ರಾಯವನ್ನು ನಮೂದಿಸಿದರು.

ನಿಜವಾದ ಕಲಹ ಹತ್ತಿಕೊಂಡದ್ದು ಸ್ಥಳದ ವಿಷಯದಲ್ಲಿ. ಪಟವರ್ಧನರ ಸಂಸ್ಥಾನದ ರಾಜಧಾನಿಯೆಂದು ಜಮಖಂಡಿಯೂ, ಘೋರ್ಪಡೆಯವರ ಸಂಸ್ಥಾನ ತಮ್ಮದೇನು ಕಡಿಮೆಯೆಂದು ಮುಧೋಳವೂ ಪಟ್ಟುಹಿಡಿದವು; ಮುಧೋಳದವರು ಲಾಂಛನದಲ್ಲಿ ತಮ್ಮ ಬೇಟೆನಾಯಿಗೆ ರೆಕ್ಕೆ ಮೂಡಿಸಬೇಕೆಂದೂ ಸೂಚಿಸಿದರು. ಮಿರ್ಚಿ ಭಜಿಯ ಎರಡನೆಯ ತಟ್ಟೆ ಬರಿದಾಗುವ ಹೊತ್ತಿಗೆ ಕಾಕಾ ಅವರು ರಾಜಿಸೂತ್ರವೊಂದನ್ನು ಮಂಡಿಸಿದರು: ರೆಕ್ಕೆ ರಬಕವಿ-ಬನಹಟ್ಟಿಗೆ, ಸಕ್ಕರೆ ಕಾರ್ಖಾನೆಯ ಫಿಟ್ಟರುಗಳಿರುವ ಮುಧೋಳಕ್ಕೆ ಎಂಜಿನ್, ಜಮಖಂಡಿಗೆ ಮೈ, ಬೀಳಗಿಗೆ ಬಾಲ. ಬೀಳಗಿಯ ವಿಶ್ವಸ್ಥರು ಅರ್ಧ ಕುಡಿದ ಚಹಾವನ್ನು ಅಲ್ಲಿಯೇ ಬಿಟ್ಟು ರಾಜೀನಾಮೆ ಬರೆದರು. ಬಾಲವಿಲ್ಲದೆ ವಿಮಾನವು ನೆಟ್ಟಗೆ ಹೋಗಲಾರದೆಂದು ಎಷ್ಟು ಬೋಧಿಸಿದರೂ ಅವರ ಚಿತ್ತ ಕರಗಲಿಲ್ಲ. ಕಡೆಗೆ ಮುಂಭಾಗದ ಪಂಖವನ್ನು ಬೀಳಗಿಗೆ ಒಪ್ಪಿಸಿ, ಬಾಲವನ್ನು ಸರದಿಯ ಮೇಲೆ ಉಳಿದ ಮೂರೂ ಊರುಗಳು ಇಟ್ಟುಕೊಳ್ಳತಕ್ಕದ್ದೆಂದು ಠರಾವಾಯಿತು.

ವಿಮಾನ ಬೇಡುವ ಅರ್ಜಿಯನ್ನು ಕಾಕಾ ಅವರು ಅದೇ ರಾತ್ರಿ ಬರೆದು ಮುಗಿಸಿದರು. ಒಕ್ಕಣೆ ಅಚ್ಚುಕಟ್ಟಾಗಿದೆ, ಶಿಕ್ಕಾ ಎರಡು ಕಡೆ ಬಿದ್ದಿದೆ. ನಾನು ತಿದ್ದಬೇಕೆಂದದ್ದು ಕೊನೆಯ ವಾಕ್ಯವನ್ನಷ್ಟೇ; ಅವರು ಒಪ್ಪಲಿಲ್ಲ. ಅದು ಹೀಗಿದೆ: "ದಯಮಾಡಿ ವಿಮಾನವನ್ನು ಬಿಚ್ಚಿ, ನಾಲ್ಕು ಬೇರೆಬೇರೆ ವಿಳಾಸಗಳಿಗೆ, ಸಾಗಣೆ ವೆಚ್ಚವನ್ನು ತಾವೇ ಭರಿಸಿ, ಕಳುಹಿಸಿಕೊಡಬೇಕಾಗಿ ವಿನಂತಿ."