ನೈಟಿಯ ಮೇಲೊಂದು ವೇಲು

ನಮ್ಮ ಬೀದಿಯ ತಾಯಂದಿರಿಗೊಂದು ಸಮವಸ್ತ್ರವಿದೆ: ನೈಟಿ, ಮೇಲೊಂದು ವೇಲು. ಸ್ಕೂಲ್ ವ್ಯಾನ್ ಹತ್ತಿಸಲಿಕ್ಕೂ ಅದೇ, ಸೊಪ್ಪಿನವಳ ಜೊತೆ ಚೌಕಾಸಿಗೂ ಅದೇ. ವೇಲು ಹೊದ್ದರೆ ಮರ್ಯಾದೆ ಸಂಪೂರ್ಣ. ತಲೆಗೆ ಕ್ಲಿಪ್ಪು, ಸಿಗದಿದ್ದರೆ ಮಗಳ ಪೆನ್ಸಿಲ್ಲು.

ಬೀರುವಿನಲ್ಲಿ, 1912ರಲ್ಲಿ ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರು ಶುರುಮಾಡಿಸಿದ ಕಾರ್ಖಾನೆಯ ಮೈಸೂರು ರೇಷ್ಮೆ ನುಸಿಗುಳಿಗೆ ವಾಸನೆ ಕುಡಿಯುತ್ತಾ ಕೂತಿದೆ. ಪಕ್ಕದಲ್ಲಿ ಇಳಕಲ್. ಸೀರೆಗಳದ್ದೇನೂ ತಕರಾರಿಲ್ಲ, ಬಾಣಂತನದ ಲೆಕ್ಕ ಅವು ಕೇಳುವುದಿಲ್ಲ. ಕೇಳುವುದು ರವಿಕೆ! ಹುಕ್ಕಿಗೂ ಕುಣಿಕೆಗೂ ಒಂದು ಬೆರಳು ಅಂತರ. ಉಸಿರು ಬಿಗಿಹಿಡಿದರೂ ಸಂಧಾನವಿಲ್ಲ.

ಆದರೆ ಒಳ್ಳೆಯ ಟೈಲರ್ ದೂರದರ್ಶಿ. ಬಗಲಿನ ಹೊಲಿಗೆಯೊಳಗೆ ಎರಡು ಮೂರು ಸಾಲು ಹಾಕಿ, ಒಂದಿಷ್ಟು ಬಟ್ಟೆ ಉಳಿಸಿರುತ್ತಾನೆ. ಬ್ಲೇಡಿನಿಂದ ಒಂದೊಂದು ಸಾಲು ಬಿಚ್ಚಿದರೆ ಎರಡೂ ಕಡೆ ಅರ್ಧರ್ಧ ಇಂಚು ಆತ್ಮವಿಶ್ವಾಸ ಹೊರಬರುತ್ತದೆ. ಹಳೇ ಹೊಲಿಗೆಯ ತೂತುಗಳು ಸೆರಗಿನಡಿ ಕಾಣಿಸವು.

ಉಟ್ಟು ಹೊರಬಂದರೆ ಮಗನ ಪ್ರಶ್ನೆ: "ಅಮ್ಮಾ, ಯಾರ ಮದುವೆ?" ಯಜಮಾನರು ಪೇಪರ್ ಸರಿಸಿ, "ತಿಂಡಿ ಆಯ್ತಾ?" ಅಂತಾರೆ. ಅವರಿಗೆ ಕಂಡದ್ದು ಅಷ್ಟೇ.

ಇಬ್ಬರಿಗೂ ಉತ್ತರ ಕೊಡಬೇಡಿ. ಇಳಕಲ್ಲಿನದು ಒಡಲು ಹತ್ತಿ, ಸೆರಗು ರೇಷ್ಮೆ, ಎರಡನ್ನೂ ಕೊಂಡಿ ಹಾಕಿ ಕೂಡಿಸಿದ್ದು. ತರಕಾರಿ ಅಂಗಡಿಗೂ ನಡೆಯುತ್ತದೆ, ಆರತಕ್ಷತೆಗೂ ನಡೆಯುತ್ತದೆ. ಯಾರದೋ ಗೃಹಪ್ರವೇಶಕ್ಕೆಂದು ಕಾಯಬೇಡಿ. ರವಿಕೆಯ ಒಳಹೊಲಿಗೆ ಎಷ್ಟು ಉಳಿದಿದೆ, ಇವತ್ತೇ ನೋಡಿ.